ಆಯುಧಪೂಜೆಯ ರಜೆಯಲ್ಲಿ ದುಡಿದ ಫೋನ್ ಪೆಟ್ಟಿಗೆ

ಮೈಸೂರಿನ ಸರಸ್ವತಿಪುರಂನಲ್ಲಿ ನಮ್ಮದು ಎಂಟು ಜನರ ತೆರಿಗೆ ಸಲಹಾ ಕಚೇರಿ. ಹಳೆಯ ಇಂಟರ್‌ಕಾಂ ಕೆಟ್ಟಾಗ, ಹೊಸದಕ್ಕೆ ಹಣ ಸುರಿಯುವುದೇಕೆ ಎಂದು ಕಂಪ್ಯೂಟರನ್ನೇ ಕಚೇರಿಯ ಫೋನ್ ವಿನಿಮಯ ಕೇಂದ್ರವಾಗಿಸುವ, ಆಸ್ಟರಿಸ್ಕ್ ಎಂಬ ತಂತ್ರಾಂಶ ಆಧಾರಿತ ಫ್ರೀಪಿಬಿಎಕ್ಸ್ ಆರಿಸಿಕೊಂಡೆವು. ತಂತ್ರಾಂಶ ಉಚಿತ, ಮೂಲೆಯಲ್ಲಿ ಧೂಳು ಹಿಡಿದಿದ್ದ ಕಂಪ್ಯೂಟರೇ ಸಾಕಾಯಿತು. ಪರಿಚಯದ ಹುಡುಗನೊಬ್ಬ ಭಾನುವಾರ ಬಂದು ಎಲ್ಲವನ್ನೂ ಕೂರಿಸಿಕೊಟ್ಟ. ತಂತ್ರಾಂಶದ ಮೇಲೆ ನನಗೆ ಇಂದಿಗೂ ದೂರಿಲ್ಲ. ದೂರೇನಿದ್ದರೂ ಅದನ್ನು ಕೂರಿಸಿದ ರೀತಿಯ ಮೇಲೆ, ಒಂದೂ ಪ್ರಶ್ನೆ ಕೇಳದೆ ತಲೆಯಾಡಿಸಿದ ನನ್ನ ಮೇಲೆ.

ಆಯುಧಪೂಜೆಯ ದಿನ ಆ ಕಂಪ್ಯೂಟರಿಗೂ ಅರಿಶಿನ ಕುಂಕುಮ ಹಚ್ಚಿ, ಬೂದುಗುಂಬಳಕಾಯಿ ಒಡೆದು ಬಾಗಿಲು ಹಾಕಿದೆವು. ಆಯುಧಗಳಿಗೆ ಅಂದು ವಿಶ್ರಾಂತಿ. ಇದನ್ನು ಮಾತ್ರ ಆರಿಸಲಿಲ್ಲ. ಜಂಬೂಸವಾರಿ ಮುಗಿಸಿಕೊಂಡು ಮರುದಿನ ಬಂದರೆ ಹೊರಗೆ ಕರೆಯೇ ಹೋಗುತ್ತಿಲ್ಲ. ಎಸ್‌ಐಪಿ ಟ್ರಂಕ್, ಅಂದರೆ ಇಂಟರ್‌ನೆಟ್ ಮೂಲಕ ಹೊರಗಿನ ಕರೆ ಸಾಗಿಸುವ ಸಂಪರ್ಕ, ಕೊಟ್ಟ ಕಂಪನಿಯನ್ನು ಮೊಬೈಲಿನಿಂದ ವಿಚಾರಿಸಿದೆ. "ಮಿತಿ ಮೀರಿದೆ ಸರ್, 68,000 ರೂಪಾಯಿ ಬಾಕಿ" ಎಂದರು. ನಮ್ಮ ಕಕ್ಷಿದಾರರು ನಂಜನಗೂಡು, ಪಾಂಡವಪುರದ ಆಚೆಗಿಲ್ಲ. ಕರೆಗಳೆಲ್ಲ ಹೋಗಿದ್ದದ್ದು ಹೊರದೇಶಗಳಿಗೆ, ಎರಡು ರಾತ್ರಿ ಪೂರ್ತಿ, 204ನೇ ಎಕ್ಸ್‌ಟೆನ್ಷನ್‌ನಿಂದ.

ಆ 204 ನಮ್ಮ ಲೆಕ್ಕಿಗರದು. ಶ್ರೀರಂಗಪಟ್ಟಣದ ಮನೆಯಿಂದಲೂ ಮೊಬೈಲಿನಲ್ಲಿ ಕಚೇರಿಯ ಕರೆ ತೆಗೆದುಕೊಳ್ಳಬೇಕು ಎಂದು ಅವರು ಕೇಳಿದ್ದರು. ಹುಡುಗ ರೂಟರಿನಲ್ಲಿ 5060 ಪೋರ್ಟನ್ನು ಇಡೀ ಜಗತ್ತಿಗೆ ತೆರೆದಿಟ್ಟ. ಇಂಟರ್‌ನೆಟ್ ಕರೆಗಳ (ಎಸ್‌ಐಪಿ) ಬಾಗಿಲು ಅದೇ ಎಂದು ಕಳ್ಳರಿಗೆಲ್ಲ ಗೊತ್ತು. ಅವರ ಯಂತ್ರಗಳು ಹಗಲಿರುಳು ಅದನ್ನೇ ತಟ್ಟುತ್ತಿರುತ್ತವೆ. ಫ್ರೀಪಿಬಿಎಕ್ಸ್ ತಾನಾಗಿಯೇ ಉದ್ದನೆಯ ಪಾಸ್‌ವರ್ಡ್ ಕೊಡುತ್ತದೆ. ಮೊಬೈಲಿನಲ್ಲಿ ಒತ್ತಲು ಕಷ್ಟವೆಂದು ಅದನ್ನು ಅಳಿಸಿ 204 ಎಂದೇ ಇಟ್ಟಿದ್ದ! ತಪ್ಪು ಪಾಸ್‌ವರ್ಡ್ ಹಾಕುವವರನ್ನು ತಡೆಯುವ ಫೇಲ್‌ಟುಬ್ಯಾನ್ ಕೂಡ ಅದರಲ್ಲಿತ್ತು. ಕೆಲಸ ಮಾಡುವಾಗ ತನ್ನನ್ನೇ ತಡೆಯಿತೆಂದು ಅದನ್ನೂ ಆರಿಸಿದ್ದ. "ಪರೀಕ್ಷೆಗೆಂದು ಹಾಗೆ ಮಾಡಿದ್ದೆ ಅಣ್ಣಾ, ಆಮೇಲೆ ಮರೆತುಹೋಯಿತು" ಎಂದ. ಹೊಡೆಯಲೂ ಆಗದ, ಬಯ್ಯಲೂ ಆಗದ ಮುಖ.

ಇದರಲ್ಲಿ ಕಳ್ಳನಿಗೇನು ಲಾಭ ಎಂದು ನನ್ನ ಹೆಂಡತಿ ಕೇಳಿದಳು. ಕೆಲವು ವಿದೇಶಿ ಸಂಖ್ಯೆಗಳಿಗೆ ನಿಮಿಷದ ದರ ವಿಪರೀತ, ಅದರಲ್ಲೊಂದು ಪಾಲು ಆ ಸಂಖ್ಯೆ ಇಟ್ಟುಕೊಂಡವನಿಗೆ ಸೇರುತ್ತದೆ. ಆ ಕಡೆ ಯಾರೂ ಮಾತನಾಡಬೇಕಾಗಿಲ್ಲ, ನಿಮಿಷ ಓಡಿದರೆ ಸಾಕು. ರಜೆಯಲ್ಲಿ ನೋಡುವವರಿಲ್ಲದೆ ನಿಮಿಷ ಓಡುತ್ತಲೇ ಇರುತ್ತದೆ; ಆ ದಿನಗಳನ್ನೇ ಹಿಡಿಯುವುದೂ ಅದಕ್ಕೇ.

ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಟ್ಟೆ. ಕಂಪನಿಯವರದು ಒಂದೇ ಮಾತು: ಕರೆ ಹೋಗಿರುವುದು ನಿಮ್ಮ ಯಂತ್ರದಿಂದ. ಮೂರು ಕಂತಿನಲ್ಲಿ ಕಟ್ಟಿದೆ.

ಆಮೇಲೆ ಬಲ್ಲವರೊಬ್ಬರು ಬಿಚ್ಚಿ ನೋಡಿದಾಗ ಇನ್ನೂ ಹುಳುಕು ಹೊರಬಿತ್ತು. ಹುಡುಗ ಹಾಕಿದ್ದು ಸೆಂಟ್‌ಓಎಸ್ 7 ಎಂಬ ಆಪರೇಟಿಂಗ್ ಸಿಸ್ಟಂ ಮೇಲಿನ ಹಳೆಯ ಆವೃತ್ತಿ; ಆ ಸೆಂಟ್‌ಓಎಸ್‌ಗೆ 2024ರ ಜೂನ್ 30ಕ್ಕೇ ಬೆಂಬಲ ನಿಂತಿದೆ. ಈಗ ಡೆಬಿಯನ್ 12ರ ಮೇಲೆ ಓಡುವ ಫ್ರೀಪಿಬಿಎಕ್ಸ್ 17 ಹಾಕಿದ್ದೇವೆ, 5060 ಮುಚ್ಚಿದೆ, ಲೆಕ್ಕಿಗರು ವಿಪಿಎನ್ ಎಂಬ ಸುರಕ್ಷಿತ ಖಾಸಗಿ ದಾರಿಯ ಮೂಲಕ ಬರುತ್ತಾರೆ. ಟ್ರಂಕ್ ಮುಂಗಡ ಪಾವತಿಯದು. ಐಎಸ್‌ಡಿ ಬೇಡವೆಂದು ಬರೆದುಕೊಟ್ಟಿದ್ದೇನೆ.

ನಿಮ್ಮಲ್ಲೂ ಇಂಥದೊಂದು ಪೆಟ್ಟಿಗೆ ಇದ್ದರೆ ಇವತ್ತೇ ಔಟ್‌ಬೌಂಡ್ ರೂಟ್‌ನ ಡಯಲ್ ಪ್ಯಾಟರ್ನ್, ಅಂದರೆ ಹೊರಗೆ ಯಾವ ಸಂಖ್ಯೆಗಳಿಗೆ ಕರೆ ಬಿಡಬೇಕೆಂಬ ನಿಯಮ, ತೆರೆದು ನೋಡಿ. ಅಲ್ಲಿ ಎಕ್ಸ್ ಅಕ್ಷರ, ಪಕ್ಕದಲ್ಲೊಂದು ಚುಕ್ಕಿ ಮಾತ್ರ ಇದ್ದರೆ ಯಾವ ಸಂಖ್ಯೆಗೆ ಬೇಕಾದರೂ ಕರೆ ಹೋಗುತ್ತದೆ. ನಮ್ಮದರಲ್ಲಿ ಇದ್ದದ್ದೂ ಅಷ್ಟೇ.