ಮಂಡಿನೋವಿನ ತೀವ್ರತೆಯನ್ನು ಅಳೆಯುವುದು: ಎಕ್ಸ್‌ರೇ, ಸಿಆರ್‌ಪಿ, ಸಿಟಿಎಕ್ಸ್-2 ಮತ್ತು ಒಂದು ಪ್ರಶ್ನಾವಳಿ

ಎಕ್ಸ್‌ರೇ ನೋಡಿ ಕೀಲಿನ ಸವೆತವನ್ನು ಅಳೆಯಲು 1957ರಲ್ಲಿ ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಎಂಬ ವೈದ್ಯರು ರೂಪಿಸಿದ ಸೊನ್ನೆಯಿಂದ (ಸವೆತವಿಲ್ಲ) ನಾಲ್ಕರವರೆಗಿನ (ತೀವ್ರ ಸವೆತ) ಶ್ರೇಣಿಯ ಪ್ರಕಾರ ನನ್ನ ಬಲಮಂಡಿಯ ಸವೆತ ಮೂರನೆಯ ಹಂತದಲ್ಲಿದೆ, ಎಡಮಂಡಿಯದು ಎರಡನೆಯ ಹಂತದಲ್ಲಿದೆ. ಆದರೆ ಮೆಟ್ಟಿಲಿಳಿಯುವಾಗ ಪಕ್ಕದ ಕಂಬಿ ಹಿಡಿಯುವಂತೆ ಮಾಡುವುದು ಎಡಮಂಡಿಯೇ. ಕೀಲಿನಲ್ಲಿ ಮೂಳೆಯ ತುದಿಗಳನ್ನು ಹೊದಿಸಿರುವ ಮೃದ್ವಸ್ಥಿಯಲ್ಲಿ ನರಗಳಿಲ್ಲ, ನೋವು ಹುಟ್ಟುವುದು ಕೀಲಿನ ಒಳಪೊರೆಯ ಊತದಿಂದ, ಮೃದ್ವಸ್ಥಿಯ ಕೆಳಗಿನ ಮೂಳೆಯಿಂದ. ಇವೆರಡರ ಸ್ಥಿತಿ ಎಂಆರ್‌ಐನಲ್ಲಿ ಕಾಣಬಹುದೇ ಹೊರತು ಎಕ್ಸ್‌ರೇಯಲ್ಲಿ ಸ್ಪಷ್ಟವಾಗುವುದಿಲ್ಲ.

ಆದ್ದರಿಂದ ಊತವನ್ನೇ ಸೂಚಿಸುವ ಹೈ ಸೆನ್ಸಿಟಿವಿಟಿ ಸಿಆರ್‌ಪಿ ಎಂಬ ರಕ್ತಪರೀಕ್ಷೆಯ ಮೇಲೆ (ಸಿಆರ್‌ಪಿ ಎಂದರೆ ಊತವಿದ್ದಾಗ ಯಕೃತ್ತು ರಕ್ತಕ್ಕೆ ಬಿಡುವ ಒಂದು ಪ್ರೋಟೀನ್) ನನಗೆ ಹೆಚ್ಚು ಭರವಸೆಯಿತ್ತು. ಇದರ ಮಟ್ಟವು ಎಕ್ಸ್‌ರೇಯ ಬದಲಾವಣೆಗಳಿಗಿಂತ ನೋವು ಮತ್ತು ಓಡಾಟದ ತೊಂದರೆಯ ಜೊತೆಗೇ ಹೆಚ್ಚು ಹೊಂದುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ನನ್ನ ಮಂಡಿ ಬಾತುಕೊಂಡ ದಿನಗಳಲ್ಲಿ ಅದು ಏರಿದ್ದು ನಿಜ. ಆದರೆ ವಸಡಿನ ಸೋಂಕಾದಾಗಲೂ ಏರಿತು. ದೇಹದ ಕೊಬ್ಬು ಸ್ರವಿಸುವ ಇಂಟರ್‌ಲ್ಯೂಕಿನ್-6 ಎಂಬ ಸಂಕೇತ ಪ್ರೋಟೀನ್ ಯಕೃತ್ತನ್ನು ಪ್ರಚೋದಿಸಿ ಸಿಆರ್‌ಪಿಯನ್ನು ಹೆಚ್ಚಿಸುವುದರಿಂದ, ತೂಕ ಹೆಚ್ಚಿರುವವರಲ್ಲಿ ಮಂಡಿಯ ಪಾಲು ಎಷ್ಟೆಂದು ಬೇರ್ಪಡಿಸುವುದು ಇನ್ನೂ ಕಷ್ಟ. ಎಲ್ಲಕ್ಕಿಂತ ಮುಖ್ಯವಾಗಿ, ನೋಯುತ್ತಿರುವುದು ಎಡಮಂಡಿಯೋ ಬಲಮಂಡಿಯೋ ಎಂಬುದನ್ನು ರಕ್ತದ ಯಾವ ಪರೀಕ್ಷೆಯೂ ಹೇಳಲಾರದು.

ಸಂಶೋಧನೆಯೊಂದರಲ್ಲಿ ಭಾಗವಹಿಸಿದ್ದರಿಂದ ಮೂತ್ರದ ಸಿಟಿಎಕ್ಸ್-2 ಪರೀಕ್ಷೆಯೂ ಆಯಿತು. ಇದು ಮೃದ್ವಸ್ಥಿಯ ಮುಖ್ಯ ಪ್ರೋಟೀನಾದ ಎರಡನೆಯ ಬಗೆಯ ಕೊಲಾಜೆನ್ ಒಡೆದು ಬರುವ ತುಣುಕುಗಳ ಅಳತೆ. ಮೃದ್ವಸ್ಥಿಯ ಸವಕಳಿಗೆ ಇದು ಒಳ್ಳೆಯ ಸೂಚಕವಿರಬಹುದು, ಆದರೆ ನೋವು ಕಡಿಮೆಯಿದ್ದ ವಾರಕ್ಕೂ ಹೆಚ್ಚಿದ್ದ ವಾರಕ್ಕೂ ನನ್ನ ವರದಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ರಕ್ತದಲ್ಲಿ ಅಳೆಯುವ ಕಾಂಪ್ ಎಂಬ ಇನ್ನೊಂದು ಮೃದ್ವಸ್ಥಿ ಪ್ರೋಟೀನಿನ ಸೂಚಕವಂತೂ ಅರ್ಧ ಗಂಟೆ ನಡೆದು ಬಂದರೂ ಏರುತ್ತದೆ.

ನನ್ನ ದಿನನಿತ್ಯದ ಕಷ್ಟವನ್ನು ನಿಷ್ಠೆಯಿಂದ ಹಿಡಿದಿಟ್ಟದ್ದು ಕೀಲುಸವೆತವಿರುವವರು ತಾವೇ ಉತ್ತರಿಸುವ ವೊಮ್ಯಾಕ್ ಎಂಬ ಪ್ರಶ್ನಾವಳಿ. ಅದರ 24 ಪ್ರಶ್ನೆಗಳಲ್ಲಿ ಐದು ನೋವಿಗೆ, ಎರಡು ಬಿಗಿತಕ್ಕೆ, ಉಳಿದ ಹದಿನೇಳು ಚಲನವಲನಕ್ಕೆ ಸಂಬಂಧಿಸಿದವು. ಕೆನಡಾದಲ್ಲಿ ಸಿದ್ಧವಾದ ಇದರ ಮೂಲರೂಪದಲ್ಲಿ ಚಕ್ಕಳಮಕ್ಕಳ ಹಾಕಿ ಕೂರುವುದು, ಕುಕ್ಕರುಗಾಲಿನಲ್ಲಿ ಕೂರುವುದು ಸೇರಿಲ್ಲ. ನಮ್ಮಲ್ಲಿ ಮೊದಲು ಕೈತಪ್ಪುವುದು ಇವೇ ಆದ್ದರಿಂದ ಆ ಎರಡನ್ನೂ ನಾನು ಪ್ರತ್ಯೇಕವಾಗಿ ಬರೆದಿಡುತ್ತೇನೆ.

ಈಗ ತಿಂಗಳಿಗೊಮ್ಮೆ ಪ್ರಶ್ನಾವಳಿ ತುಂಬುತ್ತೇನೆ, ಮಂಡಿ ಬಾತಾಗ ಮಾತ್ರ ಸಿಆರ್‌ಪಿ ಮಾಡಿಸುತ್ತೇನೆ. ಅದು ಲೀಟರಿಗೆ 10 ಮಿಲಿಗ್ರಾಂ ದಾಟಿದರೆ ಮಂಡಿ ಸವೆತವನ್ನಷ್ಟೇ ಹೊಣೆಯಾಗಿಸದೆ, ಸೋಂಕು ಅಥವಾ ಬೇರೆ ಬಗೆಯ ಸಂಧಿವಾತ ಇದೆಯೇ ಎಂದು ವೈದ್ಯರಲ್ಲಿ ತೋರಿಸಿಕೊಳ್ಳುವುದು ಅಗತ್ಯ.