ಇಆರ್‌ಪಿನೆಕ್ಸ್ಟ್ ಸೆಟಪ್ ವಿಝರ್ಡ್: ಐದು ನಿಮಿಷದಲ್ಲಿ ಮುಗಿಯುತ್ತದೆ, ತಕರಾರೂ ಅದೇ

ಬಳಕೆ: ಸಗಟು ವ್ಯಾಪಾರದ ಲೆಕ್ಕಪತ್ರ ಮತ್ತು ದಾಸ್ತಾನು. ಅಂಕ: 5ಕ್ಕೆ 3.5.

ಇಆರ್‌ಪಿನೆಕ್ಸ್ಟ್ ಎಂಬ ವ್ಯವಹಾರ ತಂತ್ರಾಂಶವನ್ನು ಮೊದಲ ಸಲ ತೆರೆದಾಗ ಪ್ರಶ್ನೆ ಕೇಳುತ್ತ ಹೊಂದಿಸಿಕೊಡುವ ಭಾಗವೇ ಸೆಟಪ್ ವಿಝರ್ಡ್. ಭಾಷೆ, ದೇಶ, ಬಳಕೆದಾರರ ವಿವರ, ಕಂಪನಿ. ನಾಲ್ಕಾರು ಪ್ರಶ್ನೆಗೆ ಉತ್ತರಿಸಿದರೆ ಇಆರ್‌ಪಿನೆಕ್ಸ್ಟ್ ಕೆಲಸಕ್ಕೆ ಸಿದ್ಧ. ದೇಶ ಭಾರತ ಎಂದರೆ ಸಾಕು, ಸಮಯ ವಲಯ, ರೂಪಾಯಿ, ಏಪ್ರಿಲ್ 1ರಿಂದ ಶುರುವಾಗುವ ಹಣಕಾಸು ವರ್ಷ ಎಲ್ಲವೂ ತಾವೇ ತುಂಬಿಕೊಳ್ಳುತ್ತವೆ. ಖಾತೆಗಳ ಪಟ್ಟಿ, ಗೋದಾಮು, ಅಳತೆಯ ಮಾನಗಳನ್ನೂ ಅದೇ ಸೃಷ್ಟಿಸುತ್ತದೆ. ಊಹಿಸಬಹುದಾದ್ದನ್ನು ಕೇಳದಿರುವುದು ಒಳ್ಳೆಯ ವಿನ್ಯಾಸವೇ.

ಆದರೆ ಮುಂದೆ ತಿದ್ದಬಹುದಾದ್ದೂ ತಿದ್ದಲಾಗದ್ದೂ ಇಲ್ಲಿ ಒಂದೇ ಸಾಲಿನಲ್ಲಿ, ಒಂದೇ ಗಾತ್ರದಲ್ಲಿ ಕೂತಿವೆ. ಸಮಯ ವಲಯವನ್ನು ಯಾವಾಗ ಬೇಕಾದರೂ ಬದಲಿಸಬಹುದು. ಒಂದು ವಹಿವಾಟು ದಾಖಲಾದರೆ ಕಂಪನಿಯ ಕರೆನ್ಸಿ ಬದಲಾಗದು. ಖಾತೆಗಳ ಪಟ್ಟಿಯನ್ನು ಇಡಿಯಾಗಿ ಬೇರೆ ಹಾಕಿಕೊಳ್ಳುವ ದಾರಿಯೂ ಅಲ್ಲಿಗೆ ಮುಚ್ಚುತ್ತದೆ. ಕಂಪನಿ ಹೆಸರಿನ ಮೊದಲಕ್ಷರಗಳಿಂದ ತಾನಾಗಿ ಮೂಡುವ ಸಂಕ್ಷಿಪ್ತ ರೂಪವನ್ನಂತೂ ಯಾರೂ ಗಮನಿಸುವುದಿಲ್ಲ. ಆ ರೂಪ ಎಸ್‌ಜಿಟಿ ಆದರೆ, ಗ್ರಾಹಕರಿಂದ ಬರಬೇಕಾದ ಬಾಕಿಯ ‘ಡೆಟರ್ಸ್’ ಖಾತೆ ‘ಡೆಟರ್ಸ್ - ಎಸ್‌ಜಿಟಿ’ ಆಗುವಂತೆ, ಅದು ಪ್ರತಿ ಖಾತೆ, ಪ್ರತಿ ಗೋದಾಮಿನ ಬಾಲಕ್ಕೆ ಅಂಟುತ್ತದೆ. ಎಕ್ಸೆಲ್‌ನಿಂದ ಮಾಹಿತಿ ಏರಿಸುವಾಗ ಬಾಲ ಬಿಟ್ಟು ಬರೆದರೆ ‘ಇಂಥ ಖಾತೆ ಇಲ್ಲ’ ಎಂದು ಸಾಲು ತಿರಸ್ಕೃತ. ಸಂಕ್ಷಿಪ್ತ ರೂಪದ ಪೆಟ್ಟಿಗೆಯ ಕೆಳಗೆ ಖಾತೆಯ ಹೆಸರು ಹೇಗೆ ಕಾಣುತ್ತದೆ ಎಂಬ ಮಾದರಿ, ಜೊತೆಗೆ ‘ಮುಂದೆ ಬದಲಿಸಲಾಗದು’ ಎಂಬ ಒಂದು ಸಾಲು ಇದ್ದರೆ ಸಾಕಿತ್ತು.

ಇನ್ನೊಂದು, ಬಿಲ್ ಸಂಖ್ಯೆ. ಜಿಎಸ್‌ಟಿ ನಿಯಮ 46ರ ಪ್ರಕಾರ ಅದು 16 ಅಕ್ಷರ ಮೀರುವಂತಿಲ್ಲ. ಮೂಲ ತಂತ್ರಾಂಶ ತಾನಾಗಿ ಕೊಡುವ ಸಂಖ್ಯೆಗಳ ಸರಣಿ ‘ಎಸಿಸಿ-ಎಸ್‌ಐಎನ್‌ವಿ-2025-00001’ ಇಂಗ್ಲಿಷಿನಲ್ಲಿ 19 ಅಕ್ಷರ. ಜಿಎಸ್‌ಟಿ ಭಾಗ ‘ಇಂಡಿಯಾ ಕಂಪ್ಲಯನ್ಸ್’ ಎಂಬ ಬೇರೆ ಆ್ಯಪ್‌ನಲ್ಲಿದೆ. ಅದನ್ನು ಮೊದಲು ಹಾಕಿ, ಸರಣಿ ಚಿಕ್ಕದು ಮಾಡಿಕೊಂಡೇ ಮೊದಲ ಬಿಲ್ ಮಾಡಿ. ಸಲ್ಲಿಸಿದ ಬಿಲ್‌ನ ಸಂಖ್ಯೆ ತಿದ್ದಲು ಹೋಗಬೇಡಿ.

ನಿಜವಾದ ಕಷ್ಟ ಓಪನಿಂಗ್ ಬ್ಯಾಲೆನ್ಸ್, ಅಂದರೆ ಹಳೆಯ ಲೆಕ್ಕದಿಂದ ತರಬೇಕಾದ ಆರಂಭದ ಶಿಲ್ಕು. ವಿಝರ್ಡ್ ಅದರ ಮಾತೇ ಎತ್ತುವುದಿಲ್ಲ, ಆದ್ದರಿಂದ ಹೊಸಬರು ನೇರ ಬಿಲ್ ಹಾಕಲು ಕೂರುತ್ತಾರೆ. ಮಾರ್ಚ್ 31ರ ಟ್ರಯಲ್ ಬ್ಯಾಲೆನ್ಸ್ (ಎಲ್ಲ ಖಾತೆಗಳ ಶಿಲ್ಕಿನ ಪಟ್ಟಿ) ಮುಂದಿಟ್ಟುಕೊಂಡು ಹೀಗೆ ಮಾಡಿ. ಬಾಕಿ ಬಿಲ್‌ಗಳನ್ನು ಪಾರ್ಟಿವಾರು (ಗ್ರಾಹಕರು, ಪೂರೈಕೆದಾರರು ಒಬ್ಬೊಬ್ಬರಾಗಿ) ‘ಓಪನಿಂಗ್ ಇನ್‌ವಾಯ್ಸ್’ ಸಾಧನದಲ್ಲಿ ಹಾಕಿ. ದಾಸ್ತಾನನ್ನು ‘ಸ್ಟಾಕ್ ರೀಕನ್ಸಿಲಿಯೇಷನ್’ನಲ್ಲಿ ಓಪನಿಂಗ್ ಸ್ಟಾಕ್ ಎಂದು ಏರಿಸಿ. ಬ್ಯಾಂಕು, ಸಾಲ, ಬಂಡವಾಳ, ಆಸ್ತಿ ಉಳಿದವು. ಅವಕ್ಕೆ ಓಪನಿಂಗ್ ಜರ್ನಲ್ ಎಂಟ್ರಿ, ಅಂದರೆ ಖಾತೆಗಳಿಗೆ ನೇರವಾಗಿ ಬರೆಯುವ ಜಮಾ-ಖರ್ಚಿನ ದಾಖಲೆ. ಅದರಲ್ಲಿ ಡೆಟರ್ಸ್ ಒಟ್ಟು ಮೊತ್ತವನ್ನು ಮತ್ತೆ ಸೇರಿಸಬೇಡಿ, ಬಾಕಿ ಎರಡು ಪಟ್ಟಾಗುತ್ತದೆ. ಮೂರಕ್ಕೂ ಎದುರು ಖಾತೆ ‘ಟೆಂಪೊರರಿ ಓಪನಿಂಗ್’. ಎಲ್ಲ ಮುಗಿದ ಮೇಲೆ ಅದರ ಶಿಲ್ಕು ಸೊನ್ನೆ ಆಗಿರಬೇಕು. ಆಗದಿದ್ದರೆ ಮೊದಲು ದಾಸ್ತಾನಿನ ದರ ನೋಡಿ, ಆಮೇಲೆ ಪಾರ್ಟಿಗಳ ಮುಂಗಡ.