ಗಾಲಿಕುರ್ಚಿಗೆ ಸೀಸದ ಬ್ಯಾಟರಿಯೇ, ಲಿಥಿಯಂ ಬ್ಯಾಟರಿಯೇ?

ತಂದೆಯವರ ವಿದ್ಯುತ್ ಗಾಲಿಕುರ್ಚಿಗೆ ಯಾವ ಬ್ಯಾಟರಿ ಹಾಕಿಸಲಿ ಎಂದು ಕೇಳಿದ್ದೀರಿ. ಕಲಬುರಗಿಯಲ್ಲಿ ಬೆಲೆಗಿಂತ ಮೊದಲು ಬಿಸಿಲನ್ನು ನೋಡಬೇಕು. ಬೇಸಿಗೆಯಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ. 25 ಡಿಗ್ರಿಯ ಮೇಲೆ ಪ್ರತಿ 10 ಡಿಗ್ರಿ ಏರಿದಾಗ ಸೀಸದ ಬ್ಯಾಟರಿಯ ಆಯುಷ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಗಾಲಿಕುರ್ಚಿಗೆ ಹಾಕುವ ಲಿಥಿಯಂ ಬ್ಯಾಟರಿಯ ಬಗೆಯಾದ ಲಿಥಿಯಂ ಐರನ್ ಫಾಸ್ಫೇಟ್‌ಗೂ ಸೆಕೆ ಹಿತವಲ್ಲ, ಆದರೂ ಹೆಚ್ಚು ತಾಳಿಕೊಳ್ಳುತ್ತದೆ. ಯಾವುದೇ ಇರಲಿ, ಸುಡುವ ತಗಡಿನ ಕೆಳಗೆ ಚಾರ್ಜ್ ಮಾಡಲೇಬೇಡಿ. ಬ್ಯಾಟರಿ ತಣಿದ ಮೇಲೆ, ಗಾಳಿಯಾಡುವ ಕಡೆ, ಮನೆಯವರು ಎಚ್ಚರವಿರುವಾಗ ಮಾಡಿ.

ಕೊಳ್ಳುವಾಗ ಸೀಸದ್ದು ಅಗ್ಗ, ಆದರೆ ಭಾರ. ಬಳಸಿದ ದಿನವೇ ಪೂರ್ತಿ ಚಾರ್ಜ್ ಆಗದಿದ್ದರೆ ಅದು ಬೇಗ ಕೆಡುತ್ತದೆ. ಸಾಮಾನ್ಯವಾಗಿ 12 ವೋಲ್ಟಿನ ಎರಡು ಬ್ಯಾಟರಿಗಳಿರುತ್ತವೆ. ಒಂದು ಸೋತರೂ ಎರಡನ್ನೂ ಒಟ್ಟಿಗೇ ಬದಲಿಸಿ. ಲಿಥಿಯಂ ದುಬಾರಿ, ಆದರೆ ಹಗುರ. ಹಲವು ಪಟ್ಟು ಹೆಚ್ಚು ಬಾರಿ ಚಾರ್ಜ್ ತಡೆಯುತ್ತದೆ, ಅರ್ಧ ತುಂಬಿದ್ದರೂ ನಡೆಯುತ್ತದೆ. ಕರೆಂಟು ಆಗಾಗ ಹೋಗುವ ಊರಿನಲ್ಲಿ ಇದು ದೊಡ್ಡ ಅನುಕೂಲ.

ಮನೆಯೊಳಗಷ್ಟೇ ಓಡಾಟ, ರಾತ್ರಿ ತಪ್ಪದೆ ಚಾರ್ಜ್ ಮಾಡುವವರಿದ್ದಾರೆ ಎಂದರೆ ಸೀಸದ್ದೇ ಸಾಕು. ದಿನವೂ ಹೊರಗೆ ಹೋಗುವವರಿಗೆ, ಕುರ್ಚಿಯನ್ನು ಆಟೋಗೆ ಎತ್ತಿಡುವವರಿಗೆ ಲಿಥಿಯಂ ಹೊಂದುತ್ತದೆ. ಆದರೆ ಕುರ್ಚಿಯ ತಯಾರಕರು ಒಪ್ಪಿದ್ದರೆ ಮಾತ್ರ ಹಾಕಿಸಿ. ಹಳೆಯ ಸೀಸದ ಚಾರ್ಜರನ್ನು ಅದಕ್ಕೆ ಜೋಡಿಸಬೇಡಿ.